ಬಾಗಿಲಿನ ಕೆಳಗಿನ ಅಂಚು

ನಮ್ಮ ಮನೆಯ ಬಾಗಿಲು ತೆಗೆಯಲು ಒಬ್ಬೊಬ್ಬರಿಗೆ ಒಂದೊಂದು ವಿದ್ಯೆ ಬೇಕಾಗಿತ್ತು. ಮಾವ ಮೊಣಕಾಲು ಒತ್ತಿ ಹಿಡಿಯನ್ನು ಕೆಳಕ್ಕೆ ಅದುಮುತ್ತಿದ್ದರು. ಮಗಳು ಚೂಟಿ ಎರಡೂ ಕೈ ಹಾಕಿ ಜೋತುಬೀಳುತ್ತಿದ್ದಳು. ನಾನು ಭುಜ ಕೊಡುತ್ತಿದ್ದೆ. ಅತ್ತೆ ಮಾತ್ರ ಹಟ ಹಿಡಿದ ಮಗುವನ್ನು ಸಮಾಧಾನ ಮಾಡುವಂತೆ ಬಾಗಿಲನ್ನು ಎರಡು ಸಲ ತಟ್ಟಿ, “ಬಿಡಪ್ಪಾ, ಹಾಲಿನವನು ಹೊರಟುಹೋಗ್ತಾನೆ” ಎನ್ನುತ್ತಿದ್ದರು. ಹೆಚ್ಚಾಗಿ ಅವರಿಗೇ ಅದು ಬೇಗ ಬಿಟ್ಟುಕೊಳ್ಳುತ್ತಿತ್ತು.

ಇದನ್ನು ನೋಡಿ ಅಕ್ಕಪಕ್ಕದವರು ನಗುತ್ತಿದ್ದರು. ನಗದೆ ಏನು ಮಾಡುತ್ತಾರೆ? ನಮ್ಮ ಯಜಮಾನರ ಹೊಟ್ಟೆಪಾಡೇ ಬಾಗಿಲಿನ ಬೀಗ ರಿಪೇರಿ. ಅದರಲ್ಲೂ ಕಾಂಪೋಸಿಟ್ ಬಾಗಿಲು ಎಂದರೆ ಇವರನ್ನೇ ಕರೆಯುತ್ತಿದ್ದರು. ಹೊರಗೆ ಗಾಜಿನ ನಾರಿನ ಗಟ್ಟಿ ಹೊದಿಕೆ, ಒಳಗೆ ಒತ್ತಿ ತುಂಬಿದ ಫೋಮು, ಸುತ್ತ ಅಂಚಿಗೆ ಮಾತ್ರ ಮರ, ಇದು ಆ ಬಾಗಿಲಿನ ಒಡಲು. ಹಿಡಿಯನ್ನು ಮೇಲಕ್ಕೆತ್ತಿದರೆ ಮೇಲೊಂದು ಕೆಳಗೊಂದು ಕೊಕ್ಕೆ ಹೊರಬಂದು ಚೌಕಟ್ಟನ್ನು ಕಚ್ಚುತ್ತವೆ. ಹಿಡಿಯ ಹಿಂದೆ ಅಂಗೈಯಗಲದ ಗೇರ್‌ಬಾಕ್ಸ್ ಕೂತು, ಅಂಚಿನೊಳಗೆ ಓಡುವ ಎರಡು ಕಬ್ಬಿಣದ ಪಟ್ಟಿಗಳಿಂದ ಎರಡನ್ನೂ ಆಡಿಸುತ್ತದೆ. ಒದ್ದರೂ ಮುರಿಯದ ಬಾಗಿಲು ಎಂದೇ ಅದನ್ನು ಮಾರುತ್ತಾರೆ. ಯಾರದೋ ಕಟ್ಟಡದಲ್ಲಿ ಅಳತೆ ತಪ್ಪಿ ಉಳಿದುಹೋದ ಒಂದನ್ನು ಇವರು ತಂದು ನಮ್ಮ ಮನೆಗೆ ಕೂರಿಸಿದ್ದರು. ದಿನಕ್ಕೆ ಆರು ಮನೆಯ ಬೀಗ ಸರಿಮಾಡಿ ಬಂದವರಿಗೆ ತಮ್ಮ ಮನೆಯದನ್ನು ಮುಟ್ಟಲು ಬೇಜಾರು. ಕೇಳಿದರೆ ಒಂದೇ ಉತ್ತರ, “ಭಾನುವಾರ.”

ನಮ್ಮದು ಮೂರನೆಯ ಮಹಡಿ. ಬಾಗಿಲ ಮುಂದೆ ಬಿಸಿಲೂ ಮಳೆಯೂ ಧಾರಾಳವಾಗಿ ಬೀಳುವ ತೆರೆದ ಓಣಿ. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಒಳಗೆ ಬರಲೂ ಹೊರಗೆ ಹೋಗಲೂ ಅದೊಂದೇ ಬಾಗಿಲು.

ಹಿಂದಿನ ವರ್ಷ ಒಂದು ಬೆಳಗ್ಗೆ ಅತ್ತೆಯ ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಮಾತು ತೊದಲಿ, ಸಂಜೆಯ ಹೊತ್ತಿಗೆ ಸರಿಹೋಗಿತ್ತು. ಡಾಕ್ಟರು ಇವರನ್ನೂ ನನ್ನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದರು. “ಇದು ಎಚ್ಚರಿಕೆ ಅಷ್ಟೆ. ಇನ್ನೊಂದು ಸಲ ಹೀಗಾದ್ರೆ ಯೋಚನೆ ಮಾಡ್ತಾ ಕೂರಬೇಡಿ. ಒಂದೊಂದು ನಿಮಿಷಾನೂ ಮುಖ್ಯ. ತಡ ಮಾಡಿದ್ರೆ ಕೈಕಾಲೂ ಹೋಗುತ್ತೆ, ಮಾತೂ ಹೋಗುತ್ತೆ.” ಅಂದಿನಿಂದ ಆಂಬುಲೆನ್ಸಿನ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಬಾಗಿಲ ಒಳಮೈಗೆ ಅಂಟಿಸಿದ್ದೆವು. ಚಪ್ಪಲಿ ಗೂಡಿನ ಪಕ್ಕದಲ್ಲಿ ಒಂದು ಚೀಲ ಸದಾ ಸಿದ್ಧ. ಅದರಲ್ಲಿ ಆಸ್ಪತ್ರೆಯ ಫೈಲು, ಟವೆಲು, ಒಂದು ಜೊತೆ ಬಟ್ಟೆ. ಚೀಲದ ಬಗ್ಗೆ ಅಷ್ಟೆಲ್ಲ ಯೋಚಿಸಿದವರು ಬಾಗಿಲಿನ ಬಗ್ಗೆ ಯೋಚಿಸಲಿಲ್ಲ.

ಆ ಬೇಸಿಗೆಯಲ್ಲಿ ಬಾಗಿಲು ಹೊಸಿಲಿಗೆ ಉಜ್ಜತೊಡಗಿತು. ಎಳೆದರೆ ಕರ್ರೋ ಎಂದು ಹಲ್ಲು ಜುಮ್ಮೆನ್ನುವ ಸದ್ದು. ಒಂದು ರಾತ್ರಿ ಊಟಕ್ಕೆ ಕೂತಾಗ ಮಾವ ಮಾತು ತೆಗೆದರು.

“ಮೂರು ವಾರದಿಂದ ಬಡ್ಕೋತಿದ್ದೀನಿ ಕಣೋ, ಬಾಗಿಲು ಉಜ್ಜುತ್ತೆ ಅಂತ.”

“ಭಾನುವಾರ ನೋಡ್ತೀನಿ ಅಪ್ಪ. ಕೀಲಿನ ತಿರುಪು ಎರಡು ಸುತ್ತು ತಿರುಗಿಸಿದ್ರೆ ಬಾಗಿಲು ಮೇಲೇಳುತ್ತೆ. ಐದು ನಿಮಿಷದ ಕೆಲಸ.”

“ಐದು ನಿಮಿಷದ ಕೆಲಸಕ್ಕೆ ಮೂರು ಭಾನುವಾರ ಹೋಯ್ತು. ನಿನ್ನ ಕೈಲಿ ಆಗದಿದ್ರೆ ನಾನು ನೋಡ್ತೀನಿ.”

ಇವರು ಅನ್ನ ಕಲಸುವುದನ್ನು ನಿಲ್ಲಿಸಿದರು. “ನೀವು ಕೈ ಹಚ್ಚಬೇಡಿ. ಇದು ನಿಮ್ಮ ಕಾಲದ ಮರದ ಬಾಗಿಲಲ್ಲ. ಇದಕ್ಕೆ ಹತ್ತರಿ ಹೊಡೆಯೋ ಹಾಗಿಲ್ಲ. ನೀರು ಹೋಗದ ಹಾಗೆ ಅಂಚು ಮುಚ್ಚಿರ್ತಾರೆ. ಅದನ್ನ ಕೆರೆದ್ರೆ ನೀರು ಕುಡಿದು ಊದಿಕೊಳ್ಳುತ್ತೆ. ಆಮೇಲೆ ಬಾಗಿಲನ್ನೇ ಬಿಸಾಕಬೇಕು.”

“ನೀರು ಬಿದ್ರೆ ಊದಿಕೊಳ್ಳೋದನ್ನ ಬಾಗಿಲು ಅಂತಾರೇನೋ? ಬ್ರೆಡ್ಡು ಅಂತಾರೆ.”

ಹತ್ತರಿ ಎಂದರೆ ಮರವನ್ನು ತೆಳ್ಳಗೆ ಸವರಿ ನುಣುಪು ಮಾಡುವ ಸಾಧನ. ಮಾವ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಅವರು ಕೂರಿಸಿದ ಬಾಗಿಲನ್ನು ಒಂದು ಬೆರಳಲ್ಲಿ ನೂಕಬಹುದು ಎಂದು ಹೆಸರಿತ್ತು. ಈಗ ಅವರ ಹತ್ತರಿ, ಉಳಿ, ಗರಗಸಗಳೆಲ್ಲ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ ಎಣ್ಣೆ ಬಟ್ಟೆ ಸುತ್ತಿಕೊಂಡು ಮಲಗಿದ್ದವು.

ಚೂಟಿಗೆ ಸುಮ್ಮನಿರಲು ಬರುವುದಿಲ್ಲ. “ತಾತ, ನಿಮ್ಮ ಕಾಲದಲ್ಲಿ ಬಾಗಿಲು ಇತ್ತಾ? ಇಲ್ಲಾ, ಬಂಡೆ ಉರುಳಿಸ್ತಿದ್ರಾ?”

ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಮಾವ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಎದ್ದು ಕೈ ತೊಳೆದರು. ಅವರು ಅನ್ನ ಬಿಟ್ಟಿದ್ದನ್ನು ಮದುವೆಯಾಗಿ ಹದಿಮೂರು ವರ್ಷದಲ್ಲಿ ನಾನು ನೋಡಿದ್ದು ಅದೇ ಮೊದಲು.

ನಾನು ಎರಡು ಬೀದಿ ಆಚೆ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಹೋಗುತ್ತೇನೆ. ಐದಾರು ದಿನ ಕಳೆದು ಒಂದು ಮಧ್ಯಾಹ್ನ ಕನ್ನಡಕ ಮರೆತಿದ್ದೆನೆಂದು ಮನೆಗೆ ಬಂದೆ. ಅಭ್ಯಾಸಬಲದಿಂದ ಬಾಗಿಲಿಗೆ ಭುಜ ಕೊಟ್ಟೆ ನೋಡಿ, ಅದು ಬೆಣ್ಣೆಯಂತೆ ಸರಿದು, ನಾನು ಮುಗ್ಗರಿಸಿ ನಡುಮನೆಯ ಮಧ್ಯಕ್ಕೆ ಹೋಗಿ ಬಿದ್ದೆ.

ಮಾವ ಪೇಪರು ಓದುತ್ತಿದ್ದರು. ಪೇಪರು ತಲೆಕೆಳಗಾಗಿತ್ತು. ಅತ್ತೆ ಆ ಹೊತ್ತಿನಲ್ಲಿ ತಲೆಗೆ ಸ್ನಾನ ಮಾಡಿ ಹೊರಗೆ ಬಂದರು. ಕಸದ ಬುಟ್ಟಿಯಲ್ಲಿ ಮೇಲೆ ಹಳೆಯ ಪೇಪರು, ಅದರ ಕೆಳಗೆ ಸುರುಳಿ ಸುರುಳಿ ಮರದ ಸಿಪ್ಪೆ, ಹಳದಿ ಫೋಮಿನ ಪುಡಿ. ಅತ್ತೆಯ ಒದ್ದೆ ಕೂದಲಲ್ಲೂ ಎರಡು ಹಳದಿ ಕಾಳು ಅಂಟಿಕೊಂಡಿದ್ದವು.

ಅಡುಗೆಮನೆಗೆ ಕರೆದು ಕೇಳಿದೆ. “ಅತ್ತೆ, ಬಾಗಿಲು ಇಳಿಸಿದ್ರಾ?”

“ಮೆಲ್ಲಗೆ ಮಾತಾಡೇ.”

“ಅರವತ್ತು ಕಿಲೋ ಬಾಗಿಲು ಅದು. ಮಾವ ಒಬ್ಬರೇ ಹೇಗೆ ಇಳಿಸಿದ್ರು?”

“ನಾನು ಹಿಡ್ಕೊಂಡೆ.”

“ನಿಮಗೆ ಭಾರ ಎತ್ತಬೇಡಿ ಅಂದಿದ್ದಾರೆ.”

“ಎತ್ತಲಿಲ್ಲ, ಗೋಡೆಗೆ ಒರಗಿಸಿ ಹಿಡ್ಕೊಂಡೆ ಅಷ್ಟೆ. ಕೆಳಗಿನ ಅಂಚಿಗೆ ನಾಲ್ಕೇ ನಾಲ್ಕು ಸಲ ಹತ್ತರಿ ಹೊಡೆದ್ರು. ಆಮೇಲೆ ಬಣ್ಣ ಬಳಿದ್ರು. ನೋಡು, ಹೇಗೆ ಓಡಾಡ್ತಿದೆ.” ಒಂದು ಕ್ಷಣ ಅವರ ಮುಖದಲ್ಲಿ ಗಂಡನ ಬಗ್ಗೆ ಹೆಮ್ಮೆ ಇಣುಕಿತು. ಮರುಕ್ಷಣವೇ ನನ್ನ ಕೈ ಹಿಡಿದರು. “ಅವನಿಗೆ ಹೇಳಬೇಡ ಕಣೇ. ಹೇಳಿದ್ರೆ ಅಪ್ಪ ಮಗ ಮುಖ ಮುಖ ನೋಡಲ್ಲ.”

“ನೀರು ಹೋದ್ರೆ ಕೆಡುತ್ತೆ ಅಂತ ಇವರು ಅಷ್ಟು ಹೇಳಿದ್ರಲ್ಲ ಅತ್ತೆ.”

“ಮಳೆಗಾಲಕ್ಕೆ ಇನ್ನೂ ದಿನ ಇದೆ. ಅಷ್ಟರಲ್ಲಿ ಅವರ ಬಾಯಿಂದಲೇ ಹೇಳಿಸ್ತೀನಿ. ಈ ತಿಂಗಳು ಮುಗಿಯೋವರೆಗೂ ಸುಮ್ಮನಿರು. ಬೆಳಗಿನ ಕೆಲಸ ನಾನು ನೋಡ್ಕೋತೀನಿ, ನೀನು ಆರೂವರೆವರೆಗೂ ಮಲಗು.”

ನಮ್ಮ ನಲ್ಲಿಯಲ್ಲಿ ನೀರು ಬರುವುದು ಐದರಿಂದ ಆರರವರೆಗೆ. ನೀರು ತುಂಬಿಸಿ, ಚಹಾ ಕಾಸಿ, ಮೂರು ಡಬ್ಬಿಗೆ ಅಡುಗೆ ಮಾಡಿ ಕಟ್ಟುವುದು ಅಷ್ಟೂ ನನ್ನ ತಲೆಗೆ. ನಾಲ್ಕೂ ಮುಕ್ಕಾಲರ ಅಲಾರಂ ಕೇಳಿ ಕೇಳಿ ನನಗೆ ಜೀವನವೇ ಸಾಕಾಗಿತ್ತು. “ಬೇಡಿ ಅತ್ತೆ, ನಿಮಗೆ ಆಯಾಸ” ಎಂದು ಬಾಯಿಮಾತಿಗೆ ಹೇಳಿದೆ. ಮಾರನೆಯ ದಿನ ಆರೂವರೆವರೆಗೂ ಗೊರಕೆ ಹೊಡೆದೆ.

ಬಾಗಿಲು ಇಳಿಸಿದ ದಿನವೇ ಸಂಜೆ ಇವರು ಕೆಲಸದಿಂದ ಬಂದು ಬಾಗಿಲನ್ನು ಎರಡು ಸಲ ತೆಗೆದು ಹಾಕಿ ನೋಡಿದರು. “ನೋಡಿದ್ರಾ? ಬಿಸಿಲಿಗೆ ಹಿಗ್ಗಿತ್ತು, ತಾನೇ ಸರಿಹೋಯ್ತು. ಇದಕ್ಕೇ ನಾನು ಸುಮ್ಮನೆ ಅದರ ತಂಟೆಗೆ ಹೋಗಲ್ಲ.”

“ಹೌದಪ್ಪ, ನೀನು ಬುದ್ಧಿವಂತ” ಎಂದರು ಮಾವ, ಚಹಾ ಲೋಟದೊಳಗೆ ನಗುತ್ತ. ಅತ್ತೆ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನನಗೂ ನಗು ಬಂತು. ಆ ಎರಡು ವಾರ ನಮ್ಮ ಮನೆಯಲ್ಲಿ ಒಂದೇ ಒಂದು ಜಗಳ ಆಗಲಿಲ್ಲ.

ಮಳೆ ಆ ವರ್ಷ ಹತ್ತು ದಿನ ಮೊದಲೇ ಬಂತು. ಓಣಿಯ ತುಂಬ ನೀರು ನಿಂತು ಹೊಸಿಲಿನವರೆಗೂ ಬರುತ್ತಿತ್ತು. ನಾನು ದಿನಕ್ಕೆರಡು ಸಲ ಗುಡಿಸಿ ಹಾಕುತ್ತಿದ್ದೆ, ಮತ್ತೆ ಬರುತ್ತಿತ್ತು. ನಾಲ್ಕನೆಯ ದಿನ ನಾನು ಹಿಡಿ ಎತ್ತುವಾಗ ಕಟಕ್ಕೆಂದು ಸದ್ದಾಯಿತು. ಆಮೇಲೆ ಹಿಡಿ ಸಡಿಲವಾಗಿ ಜೋಲುಬಿತ್ತು. ಅದೃಷ್ಟಕ್ಕೆ ಕೊಕ್ಕೆಗಳು ಇನ್ನೂ ಚೌಕಟ್ಟನ್ನು ಕಚ್ಚಿರಲಿಲ್ಲ.

ಇವರು ಸಂಜೆ ಬ್ಯಾಟರಿ ಬೆಳಕಿನಲ್ಲಿ ಗೇರ್‌ಬಾಕ್ಸ್ ಬಿಚ್ಚಿದರು. ಒಳಗಿನ ಹಲ್ಲು ಮುರಿದಿತ್ತು. ಹೊಸದು ಹಾಕುತ್ತ ನನ್ನ ಕಡೆ ತಿರುಗಿದರು.

“ಹಿಡಿ ಎತ್ತೋದು ಅಂದ್ರೆ ಬಾವಿಯಿಂದ ನೀರು ಸೇದಿದ ಹಾಗಲ್ಲ. ಯಾಕೆ ಹಾಗೆ ಜಗ್ಗಾಡ್ತೀಯ?”

“ನಾನು ಜಗ್ಗಲಿಲ್ಲ.”

“ಜಗ್ಗದೆ ಹಲ್ಲು ಮುರಿಯುತ್ತಾ? ದಿನಾ ನೋಡೋದು ಇದನ್ನೇ ನಾನು. ಹತ್ತು ಗೇರ್‌ಬಾಕ್ಸಲ್ಲಿ ಒಂಬತ್ತು ಹೋಗೋದು ಮನೆಯವರ ಒರಟು ಕೈಯಿಂದ.”

ಮೈಯೆಲ್ಲ ಉರಿದುಹೋಯಿತು. ನಿಜ ನಾಲಿಗೆಯ ತುದಿಗೆ ಬಂದಿತ್ತು. ಮಾವನ ಕಡೆ ನೋಡಿದೆ. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಣ್ಣಲ್ಲೇ ಬೇಡಿಕೊಂಡರು. ನಾನು ಮಾತು ನುಂಗಿಕೊಂಡೆ.

“ಚೂಟಿ ಜೋತುಬೀಳ್ತಾಳಲ್ಲ, ಅದಕ್ಕೇ ಇರಬೇಕು” ಎಂದರು ಮಾವ.

“ನಾನಾ? ತಾತ, ನೀವು ಕಾಲಲ್ಲಿ ಒದೀತೀರಿ!” ಚೂಟಿ ಅಳುತ್ತ ಒಳಗೆ ಹೋದಳು. ಆ ಮಗು ಅವತ್ತು ಊಟ ಮಾಡದೆ ಮಲಗಿತು.

ಹದಿಮೂರು ದಿನಕ್ಕೆ ಎರಡನೆಯ ಗೇರ್‌ಬಾಕ್ಸೂ ಹೋಯಿತು. ಈ ಸಲ ಕೊಕ್ಕೆ ಕಚ್ಚಿಕೊಂಡ ಮೇಲೆ ಹೋಯಿತು. ನಾನೂ ಚೂಟಿಯೂ ಹೊರಗೆ, ಮಿಕ್ಕವರು ಒಳಗೆ. ಇವರು ಮನೆಯಲ್ಲಿದ್ದರು, ಒಳಗಿನಿಂದ ಹಿಡಿ ಬಿಚ್ಚಿ, ತಿರುಪುಳಿ ತೂರಿಸಿ ಕಾಲು ಗಂಟೆಯಲ್ಲಿ ತೆಗೆದರು. ಮೂರನೆಯ ಗೇರ್‌ಬಾಕ್ಸ್ ಹಾಕುವಾಗ ಅವರ ಹುಬ್ಬು ಗಂಟಿಕ್ಕಿತ್ತು.

“ಮೇಲಿನ ಕೊಕ್ಕೆ ಸಲೀಸಾಗಿದೆ. ಕೆಳಗಿನದು ಬಿಗಿ. ಅದನ್ನ ಎಳೆಯೋಕೆ ಹೋಗಿ ಹಲ್ಲು ಮುರೀತಿದೆ. ಬಾಗಿಲು ಇಳಿಸಿ ಕೆಳಗೆ ನೋಡಬೇಕು.”

“ಇಳಿಸೋದೆಲ್ಲ ಯಾಕೋ ಈ ಮಳೇಲಿ” ಎಂದರು ಮಾವ. “ಎಣ್ಣೆ ಬಿಡು, ಸಾಕು.”

“ಭಾನುವಾರ ಇಳಿಸ್ತೀನಿ” ಎಂದರು ಇವರು.

ಆ ವಾರವೆಲ್ಲ ನನಗೆ ಸಮಾಧಾನವಿರಲಿಲ್ಲ. ಅಂಗಡಿಯಲ್ಲಿ ಮಾತ್ರೆ ಎಣಿಸುತ್ತಿದ್ದರೂ ಮನಸ್ಸು ಆ ಬಾಗಿಲಲ್ಲೇ. ಬುಧವಾರ ಬೆಳಗ್ಗೆ ಬೇಗ ಎಚ್ಚರವಾಗಿ ಅಡುಗೆಮನೆಗೆ ಹೋದೆ. ಅತ್ತೆ ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು, ಗೋಡೆ ಹಿಡಿದು ನಿಂತಿದ್ದರು. ಮಾವ ಪಕ್ಕದಲ್ಲಿದ್ದರು.

“ಭಾನುವಾರ ಅವನೇ ಇಳಿಸಿ ನೋಡೋದಕ್ಕಿಂತ ಮುಂಚೆ ಹೇಳಿಬಿಡಿ” ಎನ್ನುತ್ತಿದ್ದರು ಅತ್ತೆ. “ನಾನೇ ಹೇಳ್ಲಾ?”

“ನೀನು ಬಾಯಿ ಹಾಕಬೇಡ. ಶನಿವಾರ ಊಟ ಆದ ಮೇಲೆ ನಾನೇ ಹೇಳ್ತೀನಿ.”

ಒಳಗೆ ಹೋಗಿ ಬಿಂದಿಗೆ ಇಸಿದುಕೊಳ್ಳಬಹುದಿತ್ತು. ಇವರನ್ನು ಎಬ್ಬಿಸಿ ಎಲ್ಲವನ್ನೂ ಅಲ್ಲೇ ಹೇಳಬಹುದಿತ್ತು. ಶನಿವಾರಕ್ಕೆ ಇನ್ನು ಮೂರೇ ದಿನ, ಮನೆಯ ಮರ್ಯಾದೆ ಮನೆಯಲ್ಲೇ ಉಳಿಯಲಿ ಎಂದುಕೊಂಡು ವಾಪಸು ಹೋಗಿ ಹೊದ್ದುಕೊಂಡು ಮಲಗಿದೆ. ಹಾಸಿಗೆ ಇನ್ನೂ ಬೆಚ್ಚಗಿತ್ತು.

ಶುಕ್ರವಾರ ಮೂರು ಗಂಟೆಗೆ ಅಂಗಡಿಗೆ ಮಾವನ ಫೋನು ಬಂತು. ಅವರು ಫೋನು ಮಾಡುವವರೇ ಅಲ್ಲ.

“ಇವಳ ಬಾಯಿ ಸೊಟ್ಟಗಾಗಿದೆ ಕಣಮ್ಮ. ನಡುಮನೇಲಿ ಬಿದ್ದಿದ್ದಾಳೆ.”

“ಆಂಬುಲೆನ್ಸಿಗೆ ನಾನು ಹೇಳ್ತೀನಿ. ನೀವು ಬಾಗಿಲು ತೆಗೆದಿಡಿ.”

ಆ ಕಡೆ ಹಿಡಿ ಜಗ್ಗಾಡುವ ಸದ್ದು ಕೇಳಿಸಿತು. ಆಮೇಲೆ, “ಬಾಗಿಲು ಬರ್ತಿಲ್ಲ” ಎಂದರು.

ಓಡಿದೆ. ಮೂರು ಮಹಡಿ ಹೇಗೆ ಹತ್ತಿದೆನೋ ಗೊತ್ತಿಲ್ಲ. ಹತ್ತೇ ನಿಮಿಷಕ್ಕೆ ಆಂಬುಲೆನ್ಸಿನವರೂ ಬಂದರು. ಇಬ್ಬರು ಗಟ್ಟಿಮುಟ್ಟಾದ ಹುಡುಗರು ಭುಜ ಕೊಟ್ಟರು, ಒದ್ದರು, ಹಾರೆ ತೂರಿಸಲು ನೋಡಿದರು. ಬಾಗಿಲು ಮಿಸುಕಲಿಲ್ಲ. ಅಗ್ನಿಶಾಮಕದವರಿಗೆ ಹೇಳಿದ್ದೇವೆ, ಮಳೆಗೆ ರಸ್ತೆಯಲ್ಲಿ ಸಿಕ್ಕಿಕೊಂಡಿದ್ದಾರೆ, ತಡವಾಗಬಹುದು ಎಂದರು. ನಾನು ಇವರಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. ಅವರು ಊರಿನ ಇನ್ನೊಂದು ತುದಿಯಲ್ಲಿ ಯಾರದೋ ಮನೆಯ ಬೀಗ ಬದಲಾಯಿಸುತ್ತಿದ್ದರು.

ಬಾಗಿಲ ನಡುವೆ ಕಾಗದ ಹಾಕುವ ಸೀಳು ಇದೆ. ಅದರ ಮುಚ್ಚಳ ಎತ್ತಿ ಬಗ್ಗಿ ನೋಡಿದೆ. ಅತ್ತೆಯ ಎರಡು ಪಾದ ಕಂಡವು. ಒಂದು ಅಲುಗುತ್ತಿತ್ತು. ಇನ್ನೊಂದು ಸುಮ್ಮನಿತ್ತು.

“ಅಪ್ಪನಿಗೆ ಹೇಳು” ಎಂದರು ಇವರು ಫೋನಿನಲ್ಲಿ. “ಹಿಡಿಯ ಎರಡು ತಿರುಪು ಬಿಚ್ಚಲಿ. ಒಳಗೆ ಚೌಕದ ತೂತು ಕಾಣುತ್ತೆ. ತಿರುಪುಳಿ ಹಾಕಿ ಕೆಳಕ್ಕೆ ತಿರುಗಿಸಲಿ.”

ನಾನು ಸೀಳಿನಲ್ಲಿ ಬಾಯಿಟ್ಟು ಹೇಳಿದೆ. ಒಳಗೆ ಮಾವನ ಉಸಿರು, ಲೋಹದ ಸದ್ದು.

“ಮೇಲಿನ ಕೊಕ್ಕೆ ಬಂತು” ಎಂದರು ಮಾವ. “ಕೆಳಗಿನದು ಬರ್ತಿಲ್ಲ.”

ಹೇಳಿದೆ. ಇವರು ಇನ್ನೊಂದು ಉಪಾಯ ಹೇಳಿದರು. ಆಮೇಲೆ ಮತ್ತೊಂದು. ಗೇರ್‌ಬಾಕ್ಸನ್ನೇ ಹೊರಗೆ ಎಳೆಯಲಿ, ಒಳಗಿನ ಪಟ್ಟಿಯನ್ನು ಇಕ್ಕಳದಲ್ಲಿ ಮೇಲಕ್ಕೆ ಎಳೆಯಲಿ, ಎಣ್ಣೆ ಬಿಡಲಿ, ಬಡಿಯಲಿ. ಒಂದೊಂದಕ್ಕೂ ಐದೈದು ನಿಮಿಷ. ಮಾವ ಒಂದನ್ನೂ ಬಿಡದೆ ಮಾಡಿದರು. ಆಂಬುಲೆನ್ಸಿನ ಹುಡುಗ ಗಡಿಯಾರ ನೋಡಿಕೊಳ್ಳುತ್ತಿದ್ದ.

“ಅರ್ಥವೇ ಆಗ್ತಿಲ್ಲ” ಎಂದರು ಇವರು. “ಆ ಕೊಕ್ಕೆ ಯಾಕೆ ಹಾಗೆ ಕಚ್ಚಿಕೊಂಡಿದೆ? ಕೆಳಗಡೆ ಬಾಗಿಲಿಗೆ ಏನಾದ್ರೂ ಆಗಿದೆಯಾ? ಅಪ್ಪನ್ನ ಕೇಳು. ಅಲ್ಲಿ ಮರ ಊದಿದ್ರೆ ಬೀಗದ ಹತ್ತಿರ ಏನು ಮಾಡಿದ್ರೂ ದಂಡ. ಪಕ್ಕದಲ್ಲೇ ಕೊಯ್ದು ತೆಗೆಯಬೇಕಾಗುತ್ತೆ.”

ನಾನು ಬಗ್ಗಿದೆ. ಸೀಳಿನ ಆಚೆ ಮಾವನ ಕಣ್ಣು ನನ್ನ ಕಣ್ಣಿನ ಮುಂದೆಯೇ ಇತ್ತು. ನಮ್ಮ ನಡುವೆ ನಾಲ್ಕು ಬೆರಳಿನ ಅಂತರವೂ ಇರಲಿಲ್ಲ.

“ಮಾವ, ಕೆಳಗಡೆ ಏನಾದ್ರೂ ಆಗಿದೆಯಾ ಅಂತ ಕೇಳ್ತಿದ್ದಾರೆ.”

“ಏನೂ ಆಗಿಲ್ಲ” ಎಂದರು.

ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಫೋನು ನನ್ನ ಕೈಯಲ್ಲಿತ್ತು. ಈಗ ಹೇಳಿದರೆ ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಎಂಬ ಪ್ರಶ್ನೆ ಬರುತ್ತದೆ. ಅತ್ತೆ ನೆಲದ ಮೇಲೆ ಬಿದ್ದಿರುವಾಗ ನನ್ನ ತಲೆಗೆ ಬಂದದ್ದು ಅದು. ದೇವರು ನನ್ನನ್ನು ಕ್ಷಮಿಸುವುದಿಲ್ಲ.

“ಏನೂ ಆಗಿಲ್ಲವಂತೆ” ಎಂದೆ ಫೋನಿಗೆ.

ಇವರು ಮತ್ತೆ ಗೇರ್‌ಬಾಕ್ಸಿನ ವಿಷಯಕ್ಕೇ ಹೋದರು. ಮಾವ ಮತ್ತೆ ತಿರುಪುಳಿ ಹಿಡಿದರು. ಕಾಲು ಗಂಟೆ ಹಾಗೇ ಹೋಯಿತು. ಒಳಗಿನಿಂದ ಅತ್ತೆಯ ಗಂಟಲಲ್ಲಿ ಒಂದು ಸದ್ದು ಬಂತು, ಮಾತಿನಂತೆಯೂ ಇಲ್ಲ, ಅಳುವಿನಂತೆಯೂ ಇಲ್ಲ. ತಿರುಪುಳಿ ನೆಲಕ್ಕೆ ಬಿದ್ದದ್ದು ಕೇಳಿಸಿತು. ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದದ್ದು ಕೇಳಿಸಿತು.

ಮಾವ ಉಳಿಯಲ್ಲಿ ಬಾಗಿಲ ಕೆಳಮೂಲೆಗೆ ತೂತು ಹೊಡೆದು ಗರಗಸ ಇಳಿಸಿದರು. ಕಬ್ಬಿಣದ ಪಟ್ಟಿಯನ್ನು ಅಂಚಿಗೇ ಬಿಟ್ಟು, ಪಕ್ಕದಲ್ಲೇ ನೇರವಾಗಿ ಕೆಳಕ್ಕೆ ಕೊಯ್ದರು. ಎಪ್ಪತ್ತೆರಡರ ವಯಸ್ಸಿಗೂ ಗರಗಸದ ಲಯ ಒಂದು ಸಲವೂ ತಪ್ಪಲಿಲ್ಲ. ಒದ್ದೆ ಮರದ ಹೊಟ್ಟು ಗರಗಸದ ಸಂದಿನಿಂದ ನನ್ನ ಕಾಲ ಬಳಿ ಬಂದು ಬೀಳುತ್ತಿತ್ತು. ಹನ್ನೊಂದು ನಿಮಿಷ. ಹುಡುಗರು ಒಂದೇ ಸಲ ನೂಕಿದರು, ಮೂಲೆಯ ತುಂಡು ಚೌಕಟ್ಟಿಗೇ ಅಂಟಿಕೊಂಡು ಉಳಿಯಿತು, ಬಾಗಿಲು ತೆರೆಯಿತು.

ಮೊದಲೇ ಅಲ್ಲಿಗೆ ಗರಗಸ ಹಾಕಿದ್ದರೆ ಸಾಕಾಗುತ್ತಿದ್ದುದು ಆ ಹನ್ನೊಂದು ನಿಮಿಷ. ಒಟ್ಟು ಹಿಡಿದದ್ದು ಒಂದು ಗಂಟೆ ಹತ್ತು ನಿಮಿಷ.

ಆಸ್ಪತ್ರೆಯಲ್ಲಿ ಡಾಕ್ಟರು ಜೀವಕ್ಕೆ ಅಪಾಯವಿಲ್ಲ ಎಂದರು. “ಇನ್ನೂ ಸ್ವಲ್ಪ ಬೇಗ ಬಂದಿದ್ರೆ…” ಎಂದು ಅಲ್ಲಿಗೇ ನಿಲ್ಲಿಸಿದರು. ಅತ್ತೆಯ ಬಲಗೈ ಬಲಗಾಲು ಹೋಗಿದ್ದವು. ಮಾತೂ ಹೋಗಿತ್ತು. ಎಲ್ಲ ಕೇಳಿಸುತ್ತದೆ, ಎಲ್ಲ ಅರ್ಥವಾಗುತ್ತದೆ, ಬಾಯಿಗೆ ಮಾತ್ರ ಬರುವುದಿಲ್ಲ ಎಂದು ವಿವರಿಸಿದರು.

ಮರುದಿನ ಇವರು ಮನೆಗೆ ಹೋಗಿ ಚೌಕಟ್ಟಿಗೆ ಅಂಟಿದ್ದ ಆ ತುಂಡನ್ನು ಕಿತ್ತುಕೊಂಡು ಆಸ್ಪತ್ರೆಗೆ ಬಂದರು. ಪೇಪರಿನಲ್ಲಿ ಸುತ್ತಿದ್ದರು. ಬಿಚ್ಚಿ ಬೆಂಚಿನ ಮೇಲೆ ಮಾವನ ಪಕ್ಕದಲ್ಲಿಟ್ಟರು. ಕೆಳಗಿನ ಅಂಚು ಬಣ್ಣ ಸುಲಿದು ಹತ್ತಿಯಂತೆ ಅರಳಿತ್ತು. ಆದರೂ ಹತ್ತರಿ ಹೋದ ಗೆರೆ ಕಾಣುತ್ತಿತ್ತು.

“ನಾನೇ ಕಣೋ” ಎಂದರು ಮಾವ.

ಇವರು ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಡಲಿಲ್ಲ. “ಆ ಮೂರು ಭಾನುವಾರ ನಾನು ನೋಡಿದ್ದಿದ್ರೆ ನೀವು ಮುಟ್ತಿರಲಿಲ್ಲ” ಎಂದು ಮುಖ ಮುಚ್ಚಿಕೊಂಡರು. ಆಮೇಲೆ ನನ್ನ ಕಡೆ ನೋಡಿದರು. “ನಿನಗೆ ಗೊತ್ತಿತ್ತಾ?”

“ಇಲ್ಲ” ಎಂದೆ.

ಅತ್ತೆಯ ಮಂಚ ಅಲ್ಲೇ ಇತ್ತು, ಎರಡು ಮಾರು ದೂರದಲ್ಲಿ. ಅವರ ಕಣ್ಣು ತೆರೆದಿತ್ತು.

ಈಗ ಅವರು ಮನೆಗೆ ಬಂದು ಒಂದು ತಿಂಗಳಾಯಿತು. ಇವರು ಹೊಸ ಬಾಗಿಲು ತಂದು, ಭಾನುವಾರಕ್ಕೆ ಕಾಯದೆ, ಮಂಗಳವಾರ ಕೆಲಸಕ್ಕೆ ರಜೆ ಹಾಕಿ ಕೂರಿಸಿದರು. ಒಂದು ಬೆರಳಲ್ಲಿ ನೂಕಬಹುದು. ಮಾವ ಅದನ್ನು ಮುಟ್ಟುವುದಿಲ್ಲ. ಹೊರಗೆ ಹೋಗಬೇಕಾದರೆ ಯಾರಾದರೂ ತೆಗೆಯಲಿ ಎಂದು ಕಾಯುತ್ತ ನಿಲ್ಲುತ್ತಾರೆ. ಚೂಟಿ ಬಾಯಿಬಡುಕತನ ಬಿಟ್ಟಿದ್ದಾಳೆ. ನನಗೆ ಅಲಾರಂ ಬೇಕಾಗಿಲ್ಲ, ನಾಲ್ಕೂವರೆಗೇ ಎಚ್ಚರವಾಗುತ್ತದೆ. ನೀರು ತುಂಬಿಸಿ, ಅತ್ತೆಯ ಮೈ ಒರೆಸಿ, ಬಟ್ಟೆ ಬದಲಾಯಿಸಿ, ಗಂಜಿ ಕುಡಿಸುತ್ತೇನೆ. ಅಷ್ಟು ಹೊತ್ತೂ ಅವರು ನನ್ನನ್ನೇ ನೋಡುತ್ತಿರುತ್ತಾರೆ. ಆ ನೋಟದಲ್ಲಿ ಕೋಪ ಇದೆಯೋ ಕರುಣೆ ಇದೆಯೋ ನನಗೆ ಹೇಳಲು ಬರುವುದಿಲ್ಲ.

ನಿನ್ನೆ ಸಂಜೆ ನಡುಮನೆಯಲ್ಲಿ ಅತ್ತೆಯನ್ನು ದಿಂಬಿಗೆ ಒರಗಿಸಿ ಕೂರಿಸಿ ಗಂಜಿ ಕೊಡುತ್ತಿದ್ದೆ. ಇವರು ಚಹಾ ಲೋಟ ಹಿಡಿದು ಬಾಗಿಲನ್ನೇ ನೋಡುತ್ತ ಕೂತಿದ್ದರು. ಮಾವ ಗೋಡೆಗೆ ಒರಗಿದ್ದರು.

“ಅಪ್ಪ” ಎಂದರು ಇವರು. “ಒಂದು ಮಾತು ಕೇಳ್ಲಾ?”

“ಕೇಳು.”

“ಈ ಬಾಗಿಲು ಎತ್ತಿ ಕೂರಿಸೋಕೆ ನನಗೆ ಇಬ್ಬರು ಆಳು ಬೇಕಾಯ್ತು. ನೀವು ಅವತ್ತು ಆ ಬಾಗಿಲನ್ನ ಒಬ್ಬರೇ ಹೇಗೆ ಇಳಿಸಿದ್ರಿ?”

ಮಾವ ಅತ್ತೆಯ ಕಡೆ ನೋಡಲಿಲ್ಲ. ನೆಲ ನೋಡುತ್ತ, “ಇಳಿಸಿದೆ” ಎಂದರು.

“ಒಬ್ಬರ ಕೈಲಿ ಆಗಲ್ಲ ಅಪ್ಪ. ಯಾರೋ ಹಿಡ್ಕೊಂಡಿದ್ದಾರೆ. ಅಮ್ಮನಿಗೆ ಭಾರ ಮುಟ್ಟಬೇಡ ಅಂದಿದ್ರು, ಅಮ್ಮ ಹಿಡ್ಕೊಂಡಿರಲ್ಲ, ನೀವು ಬಿಡ್ತಾನೂ ಇರಲಿಲ್ಲ. ಚೂಟಿ ಬೇಸಿಗೆ ಶಿಬಿರದಲ್ಲಿದ್ಲು.”

ಅಷ್ಟು ಹೇಳಿ ನನ್ನ ಕಡೆ ತಿರುಗಿದರು. ನೋಡುತ್ತಲೇ ಇದ್ದರು.

ನಾನಲ್ಲ ಎಂದರೆ ಮತ್ತೆ ಯಾರು ಎನ್ನುತ್ತಾರೆ. ಮಾತು ಬಾರದ ಹೆಂಗಸಿನ ಮೇಲೆ ಹೊರಿಸಲೇ? ಹೊರಿಸಿದರೆ ನಿನಗೆ ಹೇಗೆ ಗೊತ್ತು ಎನ್ನುತ್ತಾರೆ. ಅತ್ತೆಯ ಎಡಗೈ ಹೊದಿಕೆಯ ಮೇಲಿತ್ತು. ಅದು ಮೆಲ್ಲಗೆ ಮೇಲೆದ್ದು ಗಾಳಿಯಲ್ಲಿ ಬಾಗಿಲ ಕಡೆಗೆ ಎರಡು ಸಲ ತಟ್ಟಿತು, ಆಮೇಲೆ ಅವರ ಎದೆಯ ಮೇಲೆ ಹೋಗಿ ನಿಂತಿತು.

“ಏನಮ್ಮ? ಏನು ಬೇಕು?” ಎಂದು ಇವರು ಎದ್ದು ಬಂದರು. “ಅಮ್ಮ ಏನು ಹೇಳ್ತಿದ್ದಾಳೆ ಕಣೇ?”

ಅತ್ತೆ ಎದೆ ತಟ್ಟಿಕೊಂಡರು. ಕಣ್ಣು ನನ್ನ ಮೇಲೆಯೇ ಇತ್ತು.

“ಗಂಜಿ ಬಿಸಿ ಆಯ್ತಂತೆ” ಎಂದೆ. ಚಮಚಕ್ಕೆ ಊದಿ, ಅವರ ಬಾಯಿಗಿಟ್ಟೆ.